19 ಆಲ್ಬಮ್ ಬೇಡ, ಒಂದು ಹಾಡು ಸಾಕು

ಪ್ರಿಯ ಲೇಖಕರೇ,

ಕೆನಡಾ ಮೂಲದ ಗಾಯಕಿ, ಗೀತರಚನಕಾರ್ತಿ ಜೋನಿ ಮಿಚೆಲ್ ಬಗ್ಗೆ ನೀವು ಕಳಿಸಿದ 'ಬದಲಾಗುತ್ತ ಹೋದ ದನಿ' ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕೈಬಿಡುವ ಮನಸ್ಸೂ ಇಲ್ಲ. ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ, ಹಾಡನ್ನು ನಿಜವಾಗಿ ಕೇಳಿಸಿಕೊಂಡವರಷ್ಟೇ ಬರೆಯಬಲ್ಲಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

1968ರ ಮೊದಲ ಆಲ್ಬಮ್‌ನಿಂದ 2007ರ 'ಶೈನ್'ವರೆಗೆ 19 ಸ್ಟುಡಿಯೋ ಆಲ್ಬಮ್‌ಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ಪ್ರತಿಯೊಂದಕ್ಕೂ ಒಂದು ಇಸವಿ, ಒಂದು ಹೊಗಳಿಕೆ. ಮೊದಲು ಫೋಕ್, ಆಮೇಲೆ ರಾಕ್, ಆಮೇಲೆ ಜಾಝ್ ಎನ್ನುತ್ತೀರಿ. ಯಾಕೆ ಹಾಗಾಯಿತು ಎನ್ನುವುದಿಲ್ಲ.

ಕಾರಣ ನಿಮ್ಮ ಲೇಖನದಲ್ಲೇ ಇದೆ. ಒಂಬತ್ತನೇ ವಯಸ್ಸಿಗೆ ಪೋಲಿಯೋ ಬಂತು ಎಂದು ಎರಡನೇ ಪುಟದಲ್ಲಿ ಬರೆದು ಮುಂದಿನ ವಾಕ್ಯಕ್ಕೆ ದಾಟಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಆ ಕಾಯಿಲೆ ಅವರ ಎಡಗೈಯ ಬಲ ಕುಗ್ಗಿಸಿತ್ತು. ಗಿಟಾರಿನ ಮಾಮೂಲಿ ಕಾರ್ಡ್‌ಗಳಿಗೆ (ಒಟ್ಟಿಗೆ ನುಡಿಸುವ ಸ್ವರಗುಂಪುಗಳಿಗೆ) ಬೆರಳು ಒಗ್ಗದಿದ್ದಾಗ ಅವರು ತಂತಿಗಳ ಶ್ರುತಿಯನ್ನೇ ತಮಗೆ ಬೇಕಾದಂತೆ ಬದಲಿಸಿಕೊಂಡರು. ಅಂಥ ಹತ್ತಾರು ಶ್ರುತಿಗಳಿವೆ. ಅವುಗಳಿಂದ ಹುಟ್ಟಿದ ಸ್ವರಮೇಳದ ಜಾಡು ರಾಕ್ ವಾದಕರಿಗೆ ಸಿಗಲಿಲ್ಲ, ಅದಕ್ಕೇ ಜಾಝ್ ವಾದಕರ ಕಡೆ ಹೋದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1974ರ 'ಕೋರ್ಟ್ ಅಂಡ್ ಸ್ಪಾರ್ಕ್'ನಲ್ಲಿ ಎಲ್.ಎ. ಎಕ್ಸ್‌ಪ್ರೆಸ್ ಎಂಬ ಜಾಝ್ ತಂಡ, 1976ರ 'ಹೆಜೀರಾ'ದಲ್ಲಿ ಜಾಝ್ ವಾದಕ ಜಾಕೊ ಪಾಸ್ಟೋರಿಯಸ್ ನುಡಿಸಿದ ಬೇಸ್ ಗಿಟಾರ್, ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಜೊತೆ ಶುರುವಾಗಿ ಅವರ ಸಾವಿನ ನಂತರ 1979ರಲ್ಲಿ ಹೊರಬಂದ ಆಲ್ಬಮ್: ನೀವು ಮೂರು ಘಟ್ಟ ಎಂದದ್ದು ಒಂದೇ ದಾರಿ, ಬಲವಿಲ್ಲದ ಆ ಕೈಯಿಂದ ಹೊರಟದ್ದು.

'ಜಾನಪದ ಗಾಯಕಿ' ಎಂಬ ಮಾತು ತೆಗೆಯಿರಿ. ಜನಪದ ಗೀತೆ ಎಂದರೆ ನಮ್ಮ ಓದುಗರಿಗೆ ಬೀಸುವ ಪದ, ಕುಟ್ಟುವ ಪದ, ಕಟ್ಟಿದವರ ಹೆಸರಿಲ್ಲದ ಹಾಡು. ಜೋನಿ ಕೆನಡಾ, ಅಮೆರಿಕದ ಕಾಫಿಹೌಸ್‌ಗಳಲ್ಲಿ ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡಿದವರು. 'ಫೋಕ್' ಎಂದೇ ಬರೆದು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ.

ಒಂದು ತಪ್ಪು ಮಾಹಿತಿಯೂ ಇದೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅವರು ಹಾಡಲಿಲ್ಲ, ಅಲ್ಲಿಗೆ ಹೋಗಲೇ ಇಲ್ಲ. ಮರುದಿನದ ಟಿವಿ ಕಾರ್ಯಕ್ರಮ ತಪ್ಪೀತೆಂದು ನ್ಯೂಯಾರ್ಕ್‌ನಲ್ಲೇ ಉಳಿದರು, ಟಿವಿಯಲ್ಲಿ ಸುದ್ದಿ ನೋಡುತ್ತ ಆ ಹೆಸರಿನ ಹಾಡು ಬರೆದರು. ಹೋಗಲಾಗದ ಜಾಗದ ಬಗ್ಗೆ ಹಂಬಲದಿಂದ ಬರೆದದ್ದು ಎಂದು ತಿಳಿದು ಕೇಳಿದರೆ ಆ ಹಾಡೇ ಬೇರೆ.

ನೀವು ಕೊಟ್ಟಿರುವ ಜೋನಿಯ ಪ್ರೇಮಿಗಳ ಪಟ್ಟಿ ಪೂರ್ತಿ ಹೋಗಬೇಕು. ಇದರಲ್ಲಿ ರಾಜಿಯಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್' ಅಂಥದ್ದನ್ನೇ ಅಚ್ಚು ಹಾಕಿತ್ತು. ನೊಂದ ಜೋನಿ ವರ್ಷಗಟ್ಟಲೆ ಆ ಪತ್ರಿಕೆಗೆ ಸಂದರ್ಶನ ಕೊಡಲಿಲ್ಲ.

ಈಗ ಏಳನೇ ಪುಟ. ರಾತ್ರಿ ಬಸ್ಸಿನಲ್ಲಿ 'ಬೋತ್ ಸೈಡ್ಸ್ ನೌ' ಹಾಡಿನ 1969ರ ಮತ್ತು 2000ದ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿದಿರಿ. 'ಅದೇ ಮಾತು. ಆದರೆ ಬದುಕು ತನಗೆ ಅರ್ಥವಾಗಿಲ್ಲ ಎಂದು ಅವಳು ಹೇಳಿದಾಗ ಎರಡನೇ ಸಲ ನಂಬಿದೆ' ಎಂದು ಬರೆದಿದ್ದೀರಿ. ಇದೇ ನಿಮ್ಮ ಲೇಖನ. ಇಲ್ಲಿಂದಲೇ ಶುರು ಮಾಡಿ.

1967ರಲ್ಲಿ ವಿಮಾನದಲ್ಲಿ ಕೂತು ಸಾಲ್ ಬೆಲ್ಲೋ ಕಾದಂಬರಿ ಓದುತ್ತಿದ್ದಾಗ, ಕೆಳಗಿನ ಮೋಡ ಕಂಡು ಹೊಳೆದ ಹಾಡು ಅದು. ಆಗ ಅವರಿಗೆ 23. ಮೊದಲು ಜನಪ್ರಿಯವಾದದ್ದು ಗಾಯಕಿ ಜೂಡಿ ಕಾಲಿನ್ಸ್ ದನಿಯಲ್ಲಿ. 1969ರಲ್ಲಿ ಜೋನಿಯೇ ಹಾಡಿದಾಗ ತೆಳು ಎತ್ತರದ ಕಂಠ, ಜೊತೆಗೆ ಗಿಟಾರ್ ಅಷ್ಟೇ. 2000ದಲ್ಲಿ ಪೂರ್ತಿ ಆರ್ಕೆಸ್ಟ್ರಾ. ಮೇಲಿನ ಸ್ವರಗಳು ಹೋಗಿವೆ, ದನಿ ತಗ್ಗಿದೆ, ಒಂದೊಂದು ಪದವನ್ನೂ ತಡೆದು ತಡೆದು ಬಿಡುತ್ತಾರೆ. ಗಾಯಕಿಯ ವಯಸ್ಸು 56.

ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ಹಾಡು ನಿಂತಿಲ್ಲ. 2015ರಲ್ಲಿ ಅವರ ಮಿದುಳಿನ ರಕ್ತನಾಳ ಒಡೆಯಿತು. ನಡಿಗೆ, ಮಾತು, ಗಿಟಾರ್ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಬೆರಳು ಎಲ್ಲಿಡಬೇಕು ಎಂದು ತಮ್ಮದೇ ಹಳೆಯ ವಿಡಿಯೋ ನೋಡಿ ಕಲಿತರು. 2022ರ ಜುಲೈನಲ್ಲಿ ಯಾರೂ ನಿರೀಕ್ಷಿಸದಿದ್ದಾಗ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್‌ನಲ್ಲಿ ಇದೇ ಹಾಡು ಹಾಡಿದರು. 2024ರ ಫೆಬ್ರವರಿಯಲ್ಲಿ, 80ನೇ ವಯಸ್ಸಿನಲ್ಲಿ, ಗ್ರ್ಯಾಮಿ ವೇದಿಕೆಯಲ್ಲಿ ಕುರ್ಚಿಯಲ್ಲಿ ಕೂತು ಮತ್ತೆ ಹಾಡಿದರು. ಗ್ರ್ಯಾಮಿ ಸಮಾರಂಭದಲ್ಲಿ ಅವರು ಹಾಡಿದ್ದು ಅದೇ ಮೊದಲು.

ಆ ಎರಡನ್ನೂ ಕೇಳಿ, ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ. ಆಮೇಲೆ ಕಿವಿಗೆ ಬಿದ್ದದ್ದನ್ನು ಬರೆಯಿರಿ. 'ದಂತಕಥೆ', 'ಧ್ರುವತಾರೆ' ಬೇಡ. 1,500 ಪದ ಮೀರಬೇಡಿ. ಆಲ್ಬಮ್‌ಗಳು ಈ ಹಾಡಿನ ದಾರಿಯಲ್ಲಿ ಸಿಕ್ಕರೆ ಮಾತ್ರ ಬರಲಿ. ಬಸ್ಸು ಯಾವ ಊರಿನಿಂದ ಯಾವ ಊರಿಗೆ ಹೊರಟಿತ್ತು ಎಂಬುದನ್ನೂ ಸೇರಿಸಿ, ಅದು ಗೊತ್ತಾಗಲಿಲ್ಲ.

ವಿಶ್ವಾಸದಿಂದ,
ಸಂಪಾದಕ