ಏಳನೇ ತಿಂಗಳಲ್ಲಿ ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳಬಹುದಾ?

ಸಿಂಧನೂರಿನ ತವರಿಗೆ ಬಂದಿದ್ದೀರಿ, ಸೊಂಟ ನೋವು, ಅಜ್ಜಿ ಎಣ್ಣೆ ಹಚ್ಚಿ ತಿಕ್ಕುತ್ತೇನೆ ಅಂತಿದ್ದಾರೆ, ಅಲ್ವಾ? ಬಸಿರಿನಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಸೊಂಟ, ಬೆನ್ನು, ಹೆಗಲಿನ ಬಿಗಿ ಸಡಿಲವಾಗುತ್ತದೆ, ನಿದ್ದೆಯೂ ಬರುತ್ತದೆ. ಇದರಿಂದ ಹೆರಿಗೆ ಸಲೀಸು ಅನ್ನೋ ಮಾತನ್ನು ಮಾತ್ರ ಜಾಸ್ತಿ ನಂಬಬೇಡಿ.

ಅಂಗಾತ ಮಲಗಬೇಡಿ. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಹೊಟ್ಟೆಗೆ ಎಣ್ಣೆ ಸವರಿದರೆ ಸಾಕು, ಒತ್ತುವುದು ಬೇಡ. ಮಗು ಅಡ್ಡ ಇದೆ, ತಿಕ್ಕಿ ತಿರುಗಿಸ್ತೀನಿ ಅಂತ ಯಾರಾದರೂ ಬಂದರೆ (ಹಳ್ಳಿಗಳಲ್ಲಿ ಈಗಲೂ ಬರುತ್ತಾರೆ) ಮುಟ್ಟಲೇ ಬಿಡಬೇಡಿ.

ಮೀನಖಂಡವನ್ನೂ ಜೋರಾಗಿ ಒತ್ತಿಸಬೇಡಿ. ಬಸಿರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕದೆ ಸೀದಾ ಆಸ್ಪತ್ರೆಗೆ ಹೋಗಿ. ಬಿಪಿ ಇದ್ದರೆ, ರಕ್ತ ಕಂಡಿದ್ದರೆ, ಸ್ಕ್ಯಾನಿಂಗಲ್ಲಿ ಮಾಸು ಕೆಳಗಿದೆ ಅಂದಿದ್ದರೆ, ತಾಯಿ ಕಾರ್ಡ್ ಹಿಡಿದು ಮೊದಲು ಡಾಕ್ಟರನ್ನು ಕೇಳಿ.

ಎಣ್ಣೆ ಕೊಬ್ಬರಿಯದಾದರೂ ಸರಿ, ಕುಸುಬಿಯದಾದರೂ ಸರಿ. ಆಮೇಲೆ ಸುಡುಸುಡು ನೀರು ಹಾಕಿಸಿಕೊಳ್ಳಬೇಡಿ, ನಮ್ಮ ರಾಯಚೂರು ಬಿಸಿಲೇ ಸಾಕಲ್ಲ! ಬಚ್ಚಲಲ್ಲಿ ಎಣ್ಣೆಗಾಲು ಜಾರೀತು, ಯಾರಾದರೂ ಜೊತೆಗಿರಲಿ.