ಡ್ರಿಲ್ ಸ್ಪರ್ಧೆಯಲ್ಲಿ ಕಾಲು ಬಡಿಯುವುದು ಬಿಟ್ಟು ಇನ್ನೇನಿದೆ?

ವಿಜಯಪುರದಲ್ಲಿ ಪಿಯುಸಿ ಓದುವ ಮಗ ಎನ್‌ಸಿಸಿ ಡ್ರಿಲ್ ಟೀಮಿಗೆ ಆಯ್ಕೆಯಾಗಿದ್ದಾನೆ, ದಿನಾ ಮುಂಜಾನೆ ಐದಕ್ಕೆ ಎದ್ದು ಓಡುತ್ತಾನೆ, ಎಲ್ಲರೂ ಸೇರಿ ಕಾಲು ಬಡಿಯುವುದರಲ್ಲಿ ಸ್ಪರ್ಧೆ ಏನು ಬಂತು, ಓದು ಹಾಳಾಗುವುದಿಲ್ವಾ ಅಂತ ಕೇಳಿದ್ದೀರಿ. ನಾನು ಬೆಳಗಾವಿಯವನು. ಕಾಲೇಜಿನಲ್ಲಿ ಮೂರು ವರ್ಷ ಡ್ರಿಲ್ ಟೀಮಿನಲ್ಲಿದ್ದೆ. ಈಗಲೂ ಸ್ಪರ್ಧೆ ಹತ್ತಿರ ಬಂದಾಗ ಹುಡುಗರಿಗೆ ಹೇಳಿಕೊಡಲು ಮೈದಾನಕ್ಕೆ ಹೋಗುತ್ತೇನೆ.

ಕಾಲು ಬಡಿಯುವುದು ಕೊನೆಗೆ ಕೇಳಿಸುವ ಸದ್ದು, ಅಷ್ಟೇ. ಸ್ಪರ್ಧೆ ನಡೆಯುವುದು ಅದಕ್ಕೂ ಮುಂಚೆ, ಕಾಯುವುದರಲ್ಲಿ.

'ಪೀಛೇ ಮುಡ್', ಅಂದರೆ ಹಿಂದಕ್ಕೆ ತಿರುಗು, ಅನ್ನುವ ಆದೇಶವನ್ನೇ ತಗೊಳ್ಳಿ. ಕಮಾಂಡರ್ ಅದನ್ನು ಒಂದೇ ಉಸಿರಿಗೆ ಹೇಳುವುದಿಲ್ಲ. 'ಪೀಛೇ' ಅಂತ ಎಳೆದು ಹೇಳಿ ನಿಲ್ಲಿಸುತ್ತಾನೆ. ಆಮೇಲೆ 'ಮುಡ್' ಅಂತ ಚಾಟಿ ಹೊಡೆದ ಹಾಗೆ ಹೇಳುತ್ತಾನೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಕೆಲಸ. ನಡುವೆ ಒಂದು ಖಾಲಿ ಜಾಗ ಇದೆಯಲ್ಲ, ಅಲ್ಲಿ ಏನು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಮೈ ಆಗಲೇ ಅರ್ಧ ತಿರುಗಿರುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕು. ನಮಗೆ ಡ್ರಿಲ್ ಕಲಿಸುತ್ತಿದ್ದ ಉಸ್ತಾದರು ತಡವಾಗಿ ತಿರುಗಿದವನನ್ನು ಕ್ಷಮಿಸುತ್ತಿದ್ದರು. ಮುಂಚೆ ತಿರುಗಿದವನನ್ನು ಮಾತ್ರ ಬಿಡುತ್ತಿರಲಿಲ್ಲ. "ನೀನು ಕೇಳಿಸಿಕೊಳ್ಳಲಿಲ್ಲ, ಊಹೆ ಮಾಡಿದೆ" ಅನ್ನುತ್ತಿದ್ದರು.

ಎರಡನೇ ವರ್ಷದ ಸ್ಪರ್ಧೆಯಲ್ಲಿ ಆ ತಪ್ಪು ನನ್ನಿಂದಲೇ ಆಯಿತು. ನಡುವಿನ ಸಾಲಿನಲ್ಲಿ ನಿಂತಿದ್ದೆ. ಆಗಸ್ಟ್ ತಿಂಗಳು, ಬೆಳಗಾವಿಯ ಜಿಟಿಜಿಟಿ ಮಳೆ, ಕಾಲಡಿ ಕೆಂಪು ರಾಡಿ. 'ಪೀಛೇ' ಆದ ಮೇಲೆ ನಮ್ಮ ಕಮಾಂಡರ್ ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸಿದ. ನನ್ನ ಬಲ ಹಿಮ್ಮಡಿ ತಿರುಗಿಬಿಟ್ಟಿತು. ಬರೀ ಒಂದೆರಡು ಇಂಚು. ಆದರೆ ರಾಡಿಯ ಮೇಲೆ ಗುರುತು ಬಿತ್ತು, ಜಡ್ಜ್ ಆ ಗುರುತನ್ನೇ ನೋಡಿದರು. ನಾವು ಎರಡನೇ ಸ್ಥಾನಕ್ಕೆ ಬಂದೆವು. ಟೀಮಿನಲ್ಲಿ ಒಬ್ಬನೂ ನನಗೆ ಒಂದು ಮಾತು ಅನ್ನಲಿಲ್ಲ. ಮರುದಿನ ಮುಂಜಾನೆ ನನ್ನ ಎಡಕ್ಕೆ ನಿಲ್ಲುತ್ತಿದ್ದವನು ಅರ್ಧ ಗಂಟೆ ಮೊದಲೇ ಬಂದು, "ಬಾ, ನಾನು ಆದೇಶ ಕೊಡುತ್ತೇನೆ, ನೀನು ಕಾಯಿ" ಅಂದ.

ಈ ಕಾಯುವುದು ಎಲ್ಲಿಂದ ಬಂತು ಗೊತ್ತಾ? ಎನ್‌ಸಿಸಿ ನೋಟ್ಸ್‌ನಲ್ಲಿ 1666ರಲ್ಲಿ ಜರ್ಮನಿಯ ಮೇಜರ್ ಜನರಲ್ ಡ್ರಾಲ್ ಡ್ರಿಲ್ ಶುರು ಮಾಡಿದ ಅಂತ ಇರುತ್ತದೆ. ಮಗ ಪರೀಕ್ಷೆಗೆ ಹಾಗೇ ಬರೆಯಲಿ. ಆದರೆ ಅದಕ್ಕೂ 70 ವರ್ಷ ಮೊದಲೇ, 1590ರ ದಶಕದಲ್ಲಿ, ನೆದರ್ಲೆಂಡ್ಸ್‌ನ ಸೇನಾನಾಯಕ ಮೌರಿಸ್ ಬಂದೂಕು ತುಂಬುವ ಕೆಲಸವನ್ನು ಸಣ್ಣ ಸಣ್ಣ ಎಣಿಕೆಗಳಾಗಿ ಒಡೆದು ತನ್ನ ಸೈನಿಕರಿಗೆ ಕಲಿಸಿದ್ದ. ಆಗಿನ ಬಂದೂಕಿಗೆ ಉರಿಯುವ ಬತ್ತಿ ಬೇಕಿತ್ತು. ಪ್ರತಿಯೊಬ್ಬನ ಮೈಮೇಲೂ ಮದ್ದಿನ ಪುಡಿ. ಒಬ್ಬ ಅವಸರ ಮಾಡಿದರೆ ಪಕ್ಕದವನು ಸುಟ್ಟುಹೋಗುತ್ತಿದ್ದ. ಈಗ ಆ ಬತ್ತಿ ಇಲ್ಲ, ಪಕ್ಕದವನ ಲೆಕ್ಕ ಇಟ್ಟುಕೊಳ್ಳುವ ರೂಢಿ ಮಾತ್ರ ಉಳಿದಿದೆ.

ಅಂಕದ ವಿಷಯಕ್ಕೆ ಬರುತ್ತೇನೆ. ತೇಜ್ ಚಲ್, ಅಂದರೆ ಚುರುಕು ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಒಂದು ಹೆಜ್ಜೆ 30 ಇಂಚು. ಅಂದರೆ ನಿಮಿಷಕ್ಕೆ ಸುಮಾರು 91 ಮೀಟರ್. ಸಾವಧಾನದಲ್ಲಿ, ಅಂದರೆ ಕದಲದೆ ನೆಟ್ಟಗೆ ನಿಂತಾಗ, ಪಾದಗಳ ನಡುವೆ 30 ಡಿಗ್ರಿ ಕೋನ, ಮುಷ್ಟಿ ಬಿಗಿ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿರಬೇಕು. ಮುಷ್ಟಿ ಸಡಿಲ ಆಗಬಾರದು ಅಂತ ಉಸ್ತಾದರು ನಮ್ಮ ಕೈಯಲ್ಲಿ ಒಂದೊಂದು ಸಣ್ಣ ಕಲ್ಲು ಇಡುತ್ತಿದ್ದರು. ಪರೇಡ್ ಮುಗಿದ ಮೇಲೆ ಕಲ್ಲು ತೋರಿಸಿದವರಿಗೇ ಬಾಳೆಹಣ್ಣು. ಟರ್ನ್‌ಔಟ್‌ಗೂ, ಅಂದರೆ ಸಮವಸ್ತ್ರದ ಅಚ್ಚುಕಟ್ಟಿಗೂ ಅಂಕ ಇದೆ. ಬೂಟಿನ ಮುಂದಿನ ಹೊಳಪನ್ನು ಎಲ್ಲರೂ ತರುತ್ತಾರೆ. ನಮ್ಮ ಜಡ್ಜ್ ಸಾಲಿನ ಹಿಂದೆ ನಡೆದು ಹಿಮ್ಮಡಿ ನೋಡಿದ್ದರು.

ನನಗೆ ಬಹಳ ಇಷ್ಟವಾಗಿದ್ದು ಇನ್ನೊಂದು. ನಮ್ಮ ಟೀಮಿನಲ್ಲಿ ಅರ್ಧ ಜನರ ಮನೆಮಾತು ಕನ್ನಡ, ಅರ್ಧ ಜನರದು ಮರಾಠಿ. ಉಸ್ತಾದರು ಗಢವಾಲದವರು. ಆದೇಶ ಹಿಂದಿಯಲ್ಲಿ. ಊರಲ್ಲಿ ಭಾಷೆಯ ಗಲಾಟೆ ಜೋರಾಗಿದ್ದ ದಿನವೂ ನಮ್ಮ ಸಾಲು ಕದಲಲಿಲ್ಲ. ಪಕ್ಕದವನ ಉಸಿರು ಕೇಳಿಸಿಕೊಂಡು ಹೆಜ್ಜೆ ಹಾಕುವವರ ನಡುವೆ ಆ ಮಾತು ಬರಲೇ ಇಲ್ಲ.

ಆದೇಶವೇ ಇಲ್ಲದ ಡ್ರಿಲ್ ಕೂಡ ಇದೆ. ಭಾರತೀಯ ವಾಯುಪಡೆಯ ಏರ್ ವಾರಿಯರ್ ಡ್ರಿಲ್ ಟೀಮ್ 2004ರಲ್ಲಿ ಶುರುವಾಯಿತು. ತುದಿಗೆ ಬಯೊನೆಟ್ ಚೂರಿ ಸಿಕ್ಕಿಸಿದ ರೈಫಲನ್ನು ಗಾಳಿಯಲ್ಲಿ ತಿರುಗಿಸಿ ಹಿಡಿಯುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಅಮೆರಿಕದ ಮೆರೀನ್‌ಗಳ ಸೈಲೆಂಟ್ ಡ್ರಿಲ್ ಪ್ಲಟೂನ್ 24 ಜನರದ್ದು, 1948ರಿಂದ ನಡೆದು ಬಂದಿದೆ. ಅವರ ಗುಟ್ಟು ಬರೀ ಎಣಿಕೆ, ಮತ್ತೆ ಪಕ್ಕದವನ ಬೂಟಿನ ಸದ್ದು. ಇದರ ವಿಡಿಯೋಗಳು ಸಿಗುತ್ತವೆ, ಮಗನ ಜೊತೆ ಕೂತು ನೋಡಿ. ಇಲ್ಲಿ ನಮ್ಮ ಸಾಂಬ್ರಾದಲ್ಲೇ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೂ ಬೆಳಗಾವಿಯೇ. ಕ್ಯಾಂಪ್ ಕಡೆ ಬೂಟಿನ ಸದ್ದು ಕೇಳುತ್ತಾ ಬೆಳೆದವರು ನಾವು.

ಓದಿನ ಬಗ್ಗೆ ಜಾಸ್ತಿ ಚಿಂತೆ ಬೇಡ. ಮುಂದೆ ಡಿಗ್ರಿಯಲ್ಲೂ ಎನ್‌ಸಿಸಿ ಮುಂದುವರಿಸಿ ಅದರ ಕೊನೆಯ ಹಂತದ 'ಸಿ' ಸರ್ಟಿಫಿಕೇಟ್ ತಗೊಂಡರೆ, ಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಯಲ್ಲಿ ಲಿಖಿತ ಪರೀಕ್ಷೆ ಇಲ್ಲದೆ, ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ನೇರ ಅರ್ಜಿ ಹಾಕಬಹುದು. ದೆಹಲಿಯ ಗಣರಾಜ್ಯೋತ್ಸವ ಶಿಬಿರದ ಕನಸೂ ಅವನಿಗೆ ಇದ್ದೇ ಇರುತ್ತದೆ. ಅಲ್ಲಿ ಶಿಬಿರ ನಡೆಯುವ ಮೈದಾನಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರ ಹೆಸರು.

ಮಗನಿಗೆ ಎರಡು ಮಾತು ಹೇಳಿ. ಖಾಲಿ ಹೊಟ್ಟೆಯಲ್ಲಿ ಮೈದಾನಕ್ಕೆ ಹೋಗಬಾರದು. ತುಂಬಾ ಹೊತ್ತು ಸಾವಧಾನದಲ್ಲಿ ನಿಂತಾಗ ಮೊಣಕಾಲು ಹಿಂದಕ್ಕೆ ಬಿಗಿಯಬಾರದು, ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಾ ಇರಬೇಕು. ಬಿಗಿದು ನಿಂತವರು ತಲೆಸುತ್ತಿ ಬೀಳುವುದು ಜಾಸ್ತಿ. ವಿಜಯಪುರದ ಬಿಸಿಲಿಗೆ ಇದು ಬೇಕೇ ಬೇಕು. ಇನ್ನು, ಟೋಪಿ ಬಿದ್ದರೆ ಎತ್ತಬಾರದು. ನಡೆಯುತ್ತಲೇ ಇರಬೇಕು.

ಅವನು ಯಾವ ಸಾಲಿನಲ್ಲಿ, ಎಷ್ಟನೆಯವನಾಗಿ ನಿಲ್ಲುತ್ತಾನೆ ಕೇಳಿ ಬರೆಯಿರಿ. ತುದಿಯಲ್ಲಿ ನಿಲ್ಲುವವನಿಗೆ ತಿರುವಿನಲ್ಲಿ ಹೆಜ್ಜೆಯ ಲೆಕ್ಕ ಬೇರೆ, ಅದನ್ನು ಬಿಡಿಸಿ ಹೇಳುತ್ತೇನೆ.