ಎಂಟು ಹಲಗೆ, ಏಳು ಕಾಳು

ಪ್ರಿಯ ಓದುಗರೇ,

"147573952589676412927 ಅನ್ನೋ ಒಂದೇ ಸಂಖ್ಯೆಗೆ ಎರಡು ಪುಟ ಯಾಕೆ ಹಾಳ್ಮಾಡಿದ್ರಿ, ಕಂಪ್ಯೂಟರ್‌ಗೆ ಕೊಟ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಅಪವರ್ತನ ಹೇಳುತ್ತೆ" ಅಂತ ಬರ್ದಿದ್ದೀರ. ಹೌದು, ಹೇಳುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೂ ಪತ್ರ ಓದಿ ಬೇಜಾರಾಯ್ತು.

ಚದುರಂಗದ ಹಲಗೆ ಮೇಲೆ ಮನೆಯಿಂದ ಮನೆಗೆ ಕಾಳು ದುಪ್ಪಟ್ಟು ಮಾಡೋ ಕಥೆ ನಿಮಗೆ ಗೊತ್ತೇ ಇರುತ್ತೆ. ಅಂಥ ಎಂಟು ಹಲಗೆ ತುಂಬಿ, ಮೇಲೆ ಏಳು ಕಾಳು ಇಟ್ರೆ ಸರಿಯಾಗಿ ಈ ಸಂಖ್ಯೆ, ಅಂದ್ರೆ 2ರ ಘಾತ 67, ಅದ್ರಲ್ಲಿ ಒಂದು ಕಮ್ಮಿ. ಮರ್ಸೆನ್ ಅನ್ನೋ ಫ್ರೆಂಚ್ ಪಾದ್ರಿ 1644ರಲ್ಲಿ ಇದು ಅವಿಭಾಜ್ಯ ಅಂತ ಪಟ್ಟಿಗೆ ಸೇರಿಸಿಬಿಟ್ರು. 1876ರಲ್ಲಿ ಲೂಕಾ ಅನ್ನೋ ಫ್ರೆಂಚ್ ಗಣಿತಜ್ಞ ಇದು ಅವಿಭಾಜ್ಯ ಅಲ್ಲ ಅಂತ ತೋರಿಸಿದ್ರು, ಆದ್ರೆ ಒಂದು ಅಪವರ್ತನಾನೂ ಕೈಗೆ ಸಿಗದೆ! ಸಂಖ್ಯೆ ಒಡೆಯುತ್ತೆ ಅಂತ ಗೊತ್ತು, ಎಲ್ಲಿ ಒಡೆಯುತ್ತೆ ಗೊತ್ತಿಲ್ಲ, ಹಾಗೇ 27 ವರ್ಷ ಹೋಯ್ತು. ಇದಕ್ಕಿಂತ ಸೊಗಸಾದ ಸಂಗತಿ ಗಣಿತದಲ್ಲಿ ನಾನು ಕಂಡಿದ್ದು ಕಮ್ಮಿ.

1903ರಲ್ಲಿ ಅಮೆರಿಕದ ಗಣಿತಜ್ಞರ ಸಭೇಲಿ ಕೋಲ್ ಅನ್ನೋರು ಬೋರ್ಡ್ ಹತ್ರ ಹೋಗಿ ಒಂದು ಮಾತೂ ಆಡದೆ ಒಂದು ಕಡೆ ಈ ಸಂಖ್ಯೆ ಲೆಕ್ಕ ಹಾಕಿ, ಇನ್ನೊಂದು ಕಡೆ 193707721ನ್ನ 761838257287ರಿಂದ ಗುಣಿಸಿ, ಎರಡೂ ಒಂದೇ ಅಂತ ತೋರಿಸಿ ಹೋಗಿ ಕೂತ್ರಂತೆ. ಸಭೆ ಚಪ್ಪಾಳೆ ಹೊಡೀತಂತೆ. ಮೂರು ವರ್ಷದ ಭಾನುವಾರಗಳು ಹಿಡೀತು ಅಂತ ಆಮೇಲೆ ಹೇಳಿದ್ರು ಅಂತಾರೆ. ಸಿಕ್ಕಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸ್ತಾ ಕೂರೋ ಕೆಲಸ ಅಲ್ಲ ಇದು ಸ್ವಾಮಿ. ಈ ಸಂಖ್ಯೆಯ ಯಾವ ಅಪವರ್ತನ ತಗೊಂಡ್ರೂ 134ರಿಂದ ಭಾಗಿಸಿದ್ರೆ ಶೇಷ 1 ಬರಲೇಬೇಕು, 8ರಿಂದ ಭಾಗಿಸಿದ್ರೆ 1 ಇಲ್ಲಾ 7. ಹುಡುಕೋಕೆ ಮುಂಚೆನೇ ಮುಕ್ಕಾಲುಪಾಲು ಅಲ್ಲ, ಹೆಚ್ಚುಕಮ್ಮಿ ಎಲ್ಲಾ ಸಂಖ್ಯೆನೂ ಪಕ್ಕಕ್ಕೆ ಹೋಗುತ್ತೆ. 193707721ರಲ್ಲಿ ಒಂದು ಕಳೆದು 134ರಿಂದ ಭಾಗಿಸಿ ನೋಡಿ, 1445580, ಚೂರೂ ಉಳಿಯಲ್ಲ. ಕಂಪ್ಯೂಟರ್ ನಿಮಗೆ ಎರಡು ಅಪವರ್ತನ ಕೊಡ್ತು, ಇದನ್ನ ಹೇಳ್ತಾ?

ಮಕ್ಕಳಿಗೂ ನಾವು ಇದನ್ನೇ ಮಾಡ್ತಿದ್ದೀವಿ. ಪುಸ್ತಕದ ಕೊನೇಲಿ ಉತ್ತರ, ಪರೀಕ್ಷೇಲಿ ಸ್ಪೀಡು, "ಯಾಕೆ" ಅಂದ್ರೆ ಸಿಲಬಸ್‌ನಲ್ಲಿಲ್ಲ. ಚಿಕ್ಕವನಿದ್ದಾಗ ಒಂಬತ್ತರ ತಾಳೆ, ಅಂದ್ರೆ ಅಂಕಿ ಕೂಡಿಸಿ ಗುಣಾಕಾರ ಸರಿ ಇದ್ಯಾ ನೋಡೋದು, ಯಾಕೆ ಕೆಲಸ ಮಾಡುತ್ತೆ ಅಂತ ಕೇಳಿದ್ದಕ್ಕೆ ನನ್ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರು. ಆ ನೋವು ಇನ್ನೂ ಹೋಗಿಲ್ಲ.

ಬುದ್ಧಿವಂತರಿದ್ದೀರ, ಪತ್ರ ನೋಡಿದ್ರೇನೇ ಗೊತ್ತಾಗುತ್ತೆ, ಅದಕ್ಕೇ ಒಂದು ಕೆಲಸ ಹೇಳ್ತೀನಿ. ಕೋಲ್ ಮಾಡಿದ ಆ ಗುಣಾಕಾರ ಕೈಯಲ್ಲೇ ಮಾಡಿ. ಚಿಕ್ಕ ಸಂಖ್ಯೇಲಿ 7 ಮೂರು ಸಲ ಇದೆ, 1 ಎರಡು ಸಲ, ಒಂದು ಸೊನ್ನೆ, ಹಾಗಾಗಿ ನಿಜವಾಗಿ ಗುಣಿಸ್ಬೇಕಾಗಿರೋದು ನಾಲ್ಕೇ ಸಾಲು, 9, 3, 7, 2. ಆಮೇಲೆ ಒಂಬತ್ತರ ತಾಳೆ ನೋಡೋಕೆ ಅಂಕಿ ಕೂಡಿಸಿ: ಚಿಕ್ಕದ್ದು 37, ದೊಡ್ಡದ್ದು 64, ಉತ್ತರದ್ದು 109, ಮೂರೂ ಕೊನೆಗೆ 1ಕ್ಕೇ ಇಳಿಯುತ್ತೆ. ನಾನು ಮಾಡಿದಾಗ ಎರಡು ಸಲ ದಶಕ ಬಿಟ್ಟುಹೋಯ್ತು, ಮೂರನೇ ಸಲ ಇಪ್ಪತ್ತೊಂದು ಅಂಕಿನೂ ಸರಿಯಾಗಿ ಬಂತು. ನಿಮ್ಮ ಹಾಳೆ ಕಳಿಸಿ, ತಪ್ಪಿದ್ರೂ ಪರವಾಗಿಲ್ಲ, ಮುಂದಿನ ಸಂಚಿಕೇಲಿ ಹಾಕ್ತೀನಿ.

— ಸಂ.